ಜೋಡುಗೆರಿ

ಧಾರವಾಡದಾಗ ನಮ್ಮ ಇಲಿಕೋಣಿಗೆ ಕಿಟಕಿ ಇಲ್ಲ.
ಹೊರಗ ಜಿಟಿಜಿಟಿ ಹಿಡದದ್ದು
ಚಿಗರಿ ಬಸ್ಸಿಳದು ಬಂದವರ ಚಪ್ಪಲಿ ನೋಡಿ ತಿಳೀಬೇಕು.
ಮುಂಜಾನೆ ಏಳಕ್ಕ ದೀಪ ತಾನ ಹತ್ತತೈತಿ,
ಸಂಜಿ ಏಳಕ್ಕ ತಾನ ಆರತೈತಿ.
ಆರಿದ ಮ್ಯಾಲೂ ಕೆಲಸ ಇದ್ರ ಕೆಂಪು ಬಲ್ಬು.
ಕೆಂಪು ಅಂದ್ರ ಇಲಿಗೆ ಕತ್ತಲಿದ್ದಂಗ.

ನಾಕನೇ ಕಪಾಟಿನವಕ್ಕ ಯಾವ ಬೆಳಕಾದ್ರೂ ಅಷ್ಟ.
ಹುಟ್ಟಿದಾಗ ಶೇಂಗಾಬೀಜದಷ್ಟು, ರೆಪ್ಪಿ ಅಂಟಿದ್ದು.
ಹದಿಮೂರನೇ ದಿನ ಕಣ್ಣು ಬಿಡ್ತಾವ.
ಸಾಸವಿಕಾಳು, ಮಿರಿಮಿರಿ,
ನೋಡಿದ್ರ ಏನೂ ಊನ ಇಲ್ಲ.
ಆದ್ರ ಬಾಗಲಾ ತೆರಿಯೂದರಾಗ
ಒಳಗ ಮನಿ ಬೀಳಾಕ ಹತ್ತಿರತೈತಿ.
ಮೂರು ವಾರಕ್ಕ, ಮಲಿ ಬಿಡಸೂ ಹೊತ್ತಿಗೆ,
ಕತ್ತಲದಾಗ ಕಾಣಸೂ ಕಣ ಉಳಿದಿರೂದಿಲ್ಲ.

ಪರೀಕ್ಷಾ ಅಂದ್ರ ಒಂದು ಪಟ್ಟಿಪಟ್ಟಿ ಉರುಳಿ,
ನಡುವ ಕಟ್ಟೀ ಮ್ಯಾಲ ಇಲಿ.
ಕಾಣೂ ಇಲಿ ಪಟ್ಟೀ ಬೆನ್ನಹತ್ತಿ ಕುತ್ತಿಗಿ ಹೊರಳಸತೈತಿ,
ಇವು ಮೀಸಿ ಒರಸಕೋತ ಕೂಡತಾವ.
‘ಹತ್ತಕ್ಕ ಹತ್ತೂ’ ಅಂತ ಬರಕೋತಾನ
ಹಾವೇರಿ ಕಡೆ ಹುಡುಗ, ಮಾಲತೇಶ.
ನನಗ ಆ ಪಟ್ಟಿ ಕಂಡಾಗೊಮ್ಮೆ
ಬೆಟಗೇರಿ ಮಗ್ಗದ ಹಾಸು ನೆನಪಾಗತೈತಿ.

ಅಣ್ಣ ಬನ್ನೆಪ್ಪಗ ಆಗ ಹನ್ನೆರಡು.
ಸಂಜಿಮುಂದ ಲಾಳಿ ಬಿದ್ರ ತಡಕಾಡಂವ.
ಇರುಳಗಣ್ಣು, ಗಜ್ಜರಿ ತಿನ್ನಸ್ರಿ ಅಂದ್ರು ಓಣಿಯವ್ರು.
ಚಳಿಗಾಲ ಪೂರಾ ಗಜ್ಜರಿ ತಿಂದ, ಪಾಪ.
ಆಮ್ಯಾಲ ಬಾಜೂದ್ದೆಲ್ಲಾ ಹೋತು,
ಜಗತ್ತಂದ್ರ ಕಂಡಕೀ ತೂತಿನ್ಯಾಗಿಂದ ನೋಡಿದಷ್ಟ.
ಮೂವತ್ತೆಂಟಕ್ಕ ಅದೂ ಮುಚ್ಚಿತು.
ಈಗೂ ನೂಲು ಹರದ್ರ
ಬಟ್ಟಿನ್ಯಾಗ ಹುಡುಕಿ ಗಂಟು ಹಾಕತಾನ.

ಗೋಡೀ ಮ್ಯಾಲ ಇಲಿಗಳ ವಂಶದ ನಕ್ಷೆ ಐತಿ.
ಗಂಡಿಗೆ ಚೌಕ, ಹೆಣ್ಣಿಗೆ ದುಂಡ, ಕುರುಡಿದ್ರ ಮಸಿ.
ಅಣ್ಣತಂಗೀನ್ನ ಕೂಡಸೂದು, ಅವರ ಮಕ್ಕಳನ್ನ ಮತ್ತ ಕೂಡಸೂದು,
ಇಪ್ಪತ್ತು ತಲಿ ದಾಟಿದ್ರ ಶುದ್ಧ ತಳಿ ಅಂತ.
ರಕ್ತದವ್ರು ರಕ್ತದವ್ರಿಗೆ ಕೂಡಿದಲ್ಲಿ
ನಡುವ ಜೋಡು ಗೆರಿ.

ಒಂದು ರಾತ್ರಿಪಾಳಿ, ಕೆಂಪು ಬೆಳಕಿನ್ಯಾಗ,
ಪಂಜರದ ಹಳೇ ಚೀಟೀ ಹಿಂದ ನಾನೂ ಬರದೆ.
ಅವ್ವ. ಅವ್ವನ ಸೋದರಮಾವ, ಅಂವನ ನಮ್ಮಪ್ಪ.
ಜೋಡು ಗೆರಿ.
ಅದರ ಮ್ಯಾಲ ಅಮ್ಮ, ಅಮ್ಮನ ಅತ್ತೀ ಮಗ.
ಜೋಡು ಗೆರಿ.
ಮಗ್ಗ ಹೊರಗ ಹೋಗಬಾರದು,
ನಾಕು ತೊಲಿ ಬಂಗಾರ ಹೊರಗ ಹೋಗಬಾರದು,
ಹೆಣ್ಣು ಅಳಬಾರದು, ಗೊತ್ತಿದ್ದ ಮನಿ ಇರಲಿ.
ಇಷ್ಟ. ಯಾರೂ ಕೆಟ್ಟದ್ದು ಬಯಸಿದ್ದಿಲ್ಲ.
ಅಣ್ಣನ ಚೌಕಕ್ಕ ಮಸಿ ತುಂಬೂದ್ರಾಗ ಪೆನ್ನು ಕೈಕೊಟ್ಟಿತು.
ನನ್ನ ದುಂಡಕ್ಕ? ಅರ್ಧ ತುಂಬಲ್ಯಾ?
ಮಾಲತೇಶ ಹಿಂದ ನಿಂತಿದ್ದ.
ಏನೂ ಅನ್ನಲಿಲ್ಲ. ಪೆನ್ಸಿಲ್ ಕೊಟ್ಟ.

ಅಣ್ಣನ ಮನಿಯವ್ರು ಬರೂ ಸೋಮವಾರ
ರೇವಣಗ ನಮ್ಮ ಸುಗಲಾನ್ನ ಕೇಳಾಕ ಬರಾವ್ರದಾರ.
ವೈನಿ ಫೋನಿನ್ಯಾಗ ನಕ್ಕಳು: ಕೇಳೂದೇನೈತಿ, ತವರಮನಿ ಅಲ್ಲೇನು.

ಈ ಇಲಿಗಳದೊಂದು ಮಾತು ಹೇಳೂದು ಉಳೀತು.
ಏನೂ ಕಾಣದಿದ್ರೂ, ಏಳಕ್ಕ ದೀಪ ಹತ್ತಿದ್ರ
ಚಕ್ರ ಬಿಟ್ಟು ಗೂಡಿಗೆ ಹೋಗಿ ಮಲಗತಾವ.
ಒಮ್ಮೆ ದೀಪದ ಹೊತ್ತನ್ನ ಆರು ತಾಸು ಸರಿಸಿದ್ವಿ,
ಸ್ವಲ್ಪ ದಿನಕ್ಕ ಅವೂ ಸರಿದ್ವು.
‘ಕಾಣಸೂ ಕಣ ಬ್ಯಾರೆ ಅಕ್ಕಾ,
ಬೆಳಗಾತಂತ ಹೇಳೂ ಕಣ ಬ್ಯಾರೆ.
ಅದು ಉಳದೈತಿ.’

ಅಣ್ಣನೂ ಹಂಗ.
ಬಿಸಲು ಇನ್ನೂ ಬಂದಿರೂದಿಲ್ಲ,
ಕಟ್ಟೀ ಮ್ಯಾಲ ಮೂಡಲಕ್ಕ ಮಾರಿ ಮಾಡಿ ಕುಂತಿರತಾನ.
‘ಬೆಳಗಾತಲ್ಲ ಬೇ?’ ಅಂತಾನ.
ಹೂಂ ಅಂತೀನಿ. ಪ್ರತಿಸಲ ಅಷ್ಟ ಅಂತೀನಿ.

ಈ ಸಲ ಚೀಟಿ ಒಯ್ಯತೀನಿ.
ಪೆನ್ಸಿಲ್ಲಿನ ಗೆರಿ ಮ್ಯಾಲ ಅಂಟು ಹಚ್ಚಿ ನೂಲು ಕೂಡಸೇನಿ,
ಚೌಕಕ್ಕ ದಪ್ಪ ಎಳಿ, ದುಂಡಕ್ಕ ರೇಷ್ಮಿ.
ಅಂವನ ಬಟ್ಟು ಹಿಡದು ಮ್ಯಾಲಿಂದ ಇಳಸಿಕೋತ ಬರತೀನಿ,
ಅಮ್ಮನಿಂದ ಅವ್ವಗ, ಅವ್ವನಿಂದ ನಮಗ,
ನಮ್ಮಿಂದ ಕೆಳಗ ಆ ಎರಡು ಹುಡುಗರಿಗೆ.
ಅಲ್ಲಿ ನಡುವ ನೂಲು ಹಾಕಿಲ್ಲ.

ಅಲ್ಲಿ ಬಟ್ಟು ನಿಲ್ಲತೈತಿ, ನನಗ ಗೊತ್ತು,
ಹರದ ಎಳಿ ಹುಡುಕಿದಂಗ.
ಗಂಟು ಹಾಕೂದು ಬಿಡೂದು
ನೇಯೂ ಕೈಗೆ ನಾ ಏನ್ ಕಲಸ್ಲಿ.